ಸಂಶೋಧನಾ ವಿಶ್ವವಿದ್ಯಾಲಯ ಮತ್ತು ನಾಡಿನ ಆರ್ಥಿಕತೆ

ಇದ್ದ ತಿಳಿವಳಿಕೆಯನ್ನು ಪಾಠ ಹೇಳುವುದರ ಜೊತೆಗೆ ಇಲ್ಲದ ತಿಳಿವಳಿಕೆಯನ್ನು ಹುಡುಕುವ ಹೊಣೆಯನ್ನೂ ಹೊತ್ತ ಉನ್ನತ ಶಿಕ್ಷಣ ಸಂಸ್ಥೆಗೆ ಸಂಶೋಧನಾ ವಿಶ್ವವಿದ್ಯಾಲಯ ಎಂದು ಹೆಸರು. ದೇಶದ ಆರ್ಥಿಕತೆಗೆ ಇಂಥ ಸಂಸ್ಥೆಯಿಂದ ಬರುವ ಲಾಭವನ್ನು ಸಾಮಾನ್ಯವಾಗಿ ಪೇಟೆಂಟು, ಹೊಸ ಕಂಪನಿ, ಪದವೀಧರರ ಸಂಬಳ ಇವುಗಳಲ್ಲಿ ಎಣಿಸುತ್ತಾರೆ. ಕರ್ನಾಟಕದ ನೂರು ವರ್ಷಗಳ ಅನುಭವವನ್ನು ನೋಡಿದರೆ ಈ ಎಣಿಕೆ ಸಾಲದು. ಇಲ್ಲಿ ಹೆಚ್ಚು ಜನರ ಬದುಕನ್ನು ಮುಟ್ಟಿದ ಸಂಶೋಧನೆಗೆ ಪೇಟೆಂಟು ಇರಲಿಲ್ಲ. ಯಾವ ಕಂಪನಿಯೂ ಹಣ ಹೂಡಲು ಮುಂದೆ ಬಾರದ ಬೆಳೆ, ರೋಗ, ನೀರು, ಒಲೆಗಳ ಮೇಲೆ ಸರ್ಕಾರದ ಹಣದಲ್ಲಿ ವರ್ಷಗಟ್ಟಲೆ ನಡೆದ ಕೆಲಸ ಅದು. ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲ್ಲೂಕಿನ ನಲ್ಲೂರಿನಂಥ ಊರಿನಿಂದ ನೋಡಿದಾಗ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. ಅಲ್ಲಿನ ಅಡಿಕೆ, ಭದ್ರಾ ನಾಲೆಯ ಭತ್ತ, ಪಕ್ಕದ ಹೊನ್ನಾಳಿ ಮತ್ತು ನ್ಯಾಮತಿಯ ಮೆಕ್ಕೆಜೋಳ, ಜಗಳೂರಿನ ಬೆದ್ದಲು ಬೆಳೆ ಇವೆಲ್ಲದರ ಹಿಂದೆ ಒಂದಲ್ಲ ಒಂದು ಪ್ರಯೋಗಶಾಲೆಯ ಕೈ ಇದೆ.

ಹುಟ್ಟು ಮತ್ತು ಮಾದರಿಗಳು

ಪಾಠ ಮತ್ತು ಸಂಶೋಧನೆ ಒಂದೇ ಸೂರಿನಡಿ ನಡೆಯಬೇಕೆಂಬ ವಿಚಾರ ಗಟ್ಟಿಯಾದದ್ದು 1810ರಲ್ಲಿ ವಿಲ್ಹೆಲ್ಮ್ ಫಾನ್ ಹುಂಬೋಲ್ಟ್ ರೂಪಿಸಿದ ಬರ್ಲಿನ್ ವಿಶ್ವವಿದ್ಯಾಲಯದಲ್ಲಿ. ರಸಾಯನಶಾಸ್ತ್ರಜ್ಞ ಯುಸ್ಟಸ್ ಲೀಬಿಗ್ 1824ರಲ್ಲಿ ಗೀಸೆನ್ ವಿಶ್ವವಿದ್ಯಾಲಯ ಸೇರಿ, ವಿದ್ಯಾರ್ಥಿಗಳು ತಮ್ಮ ಕೈಯಾರೆ ಪ್ರಯೋಗ ಮಾಡಿ ಕಲಿಯುವ ಶಾಲೆಯನ್ನು ಕಟ್ಟಿದ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಬಣ್ಣ ಮತ್ತು ಔಷಧ ತಯಾರಿಕೆಯಲ್ಲಿ ಜರ್ಮನಿ ಮುಂದೆ ನಿಂತದ್ದಕ್ಕೆ ಆ ದೇಶದ ವಿಶ್ವವಿದ್ಯಾಲಯಗಳಲ್ಲಿ ಹೀಗೆ ಪಳಗಿದ ರಸಾಯನಶಾಸ್ತ್ರಜ್ಞರ ಪಡೆ ಒಂದು ಮುಖ್ಯ ಕಾರಣ.

ಅಮೆರಿಕದ್ದು ಬೇರೆ ಬಗೆಯ ದಾರಿ. ಅಲ್ಲಿನ ಸಂಸತ್ತು 1862ರ ಮೊರಿಲ್ ಕಾಯಿದೆಯ ಮೂಲಕ ರಾಜ್ಯಗಳಿಗೆ ಸರ್ಕಾರಿ ಭೂಮಿ ಕೊಟ್ಟು, ಅದರ ಆದಾಯದಿಂದ ಕೃಷಿ ಮತ್ತು ಯಂತ್ರವಿದ್ಯೆ ಕಲಿಸುವ ಕಾಲೇಜುಗಳನ್ನು ತೆರೆಸಿತು. 1887ರ ಹ್ಯಾಚ್ ಕಾಯಿದೆ ಆ ಕಾಲೇಜುಗಳ ಜೊತೆಗೆ ಪ್ರಯೋಗ ಕೇಂದ್ರಗಳನ್ನು ಸೇರಿಸಿತು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸ್ಟೀಫನ್ ಬ್ಯಾಬ್‌ಕಾಕ್ 1890ರಲ್ಲಿ ಹಾಲಿನ ಕೊಬ್ಬಿನಂಶ ಅಳೆಯುವ ಸರಳ ಪರೀಕ್ಷೆಯನ್ನು ಕಂಡುಹಿಡಿದು, ಪೇಟೆಂಟು ಪಡೆಯದೆ ಬಿಟ್ಟುಕೊಟ್ಟ. ನೀರು ಬೆರೆಸಿದವನಿಗೂ ಒಳ್ಳೆಯ ಹಾಲು ತಂದವನಿಗೂ ಒಂದೇ ಬೆಲೆ ಸಿಗುತ್ತಿದ್ದ ವ್ಯವಹಾರ ಅಲ್ಲಿಗೆ ಮುಗಿಯಿತು. ನಮ್ಮ ಹಾಲಿನ ಡೇರಿಗಳಲ್ಲಿ ಫ್ಯಾಟ್ ನೋಡಿ ದುಡ್ಡು ಕೊಡುವ ಪದ್ಧತಿಯ ಮೂಲವೂ ಅಲ್ಲೇ ಇದೆ. ಸ್ಟ್ಯಾನ್‌ಫರ್ಡ್ ಸುತ್ತ ಬೆಳೆದ ಸಿಲಿಕಾನ್ ಕಣಿವೆಯ ಕಥೆ ಎಲ್ಲರಿಗೂ ಗೊತ್ತಿರುವಂಥದು. ದಕ್ಷಿಣ ಕೊರಿಯಾ 1971ರಲ್ಲಿ ಸ್ಥಾಪಿಸಿದ ವಿಜ್ಞಾನ ತಂತ್ರಜ್ಞಾನ ಸಂಸ್ಥೆ, ಅಂದರೆ ಕೈಸ್ಟ್, ಆ ದೇಶದ ಎಲೆಕ್ಟ್ರಾನಿಕ್ಸ್ ಉದ್ಯಮಕ್ಕೆ ಎಂಜಿನಿಯರುಗಳನ್ನು ಒದಗಿಸಿತು.

ಮೈಸೂರು ಸಂಸ್ಥಾನದ ಪ್ರಯೋಗ

ಜಮ್ಷೆಡ್‌ಜಿ ಟಾಟಾ ಅವರ ಕನಸಾಗಿದ್ದ ಭಾರತೀಯ ವಿಜ್ಞಾನ ಸಂಸ್ಥೆ ಅವರು ತೀರಿಕೊಂಡ ಮೇಲೆ, 1909ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿತು. ಮೈಸೂರು ಅರಸು ಮನೆತನ ಅದಕ್ಕೆ 371 ಎಕರೆ ಭೂಮಿ ಕೊಟ್ಟಿತು. ಜನರ ಬಾಯಲ್ಲಿ ಅದು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್. ಮೊದಲ ವಿದ್ಯಾರ್ಥಿಗಳು ಬಂದದ್ದು 1911ರಲ್ಲಿ. ರಸಾಯನಶಾಸ್ತ್ರ ಮತ್ತು ವಿದ್ಯುತ್ ತಂತ್ರಜ್ಞಾನದ ವಿಭಾಗಗಳು ಮೊದಲು ಶುರುವಾದವು.

ಸಂಸ್ಥೆಯ ಉಪಯೋಗ ನಾಡಿಗೆ ಗೊತ್ತಾಗಲು ಹೆಚ್ಚು ಕಾಲ ಹಿಡಿಯಲಿಲ್ಲ. ಮೈಸೂರಿನ ಶ್ರೀಗಂಧ ಆಗ ಕೊರಡಾಗಿ ಹರಾಜಾಗಿ, ಬಹುಪಾಲು ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. 1914ರಲ್ಲಿ ಮಹಾಯುದ್ಧ ಶುರುವಾದದ್ದೇ ತಡ ಕೊಳ್ಳುವವರಿಲ್ಲದೆ ಗಂಧ ಗೋದಾಮಿನಲ್ಲಿ ಉಳಿಯಿತು. ಸಂಸ್ಥೆಯ ಪ್ರಾಧ್ಯಾಪಕರಾಗಿದ್ದ ಸಡ್‌ಬರೊ ಮತ್ತು ವಾಟ್ಸನ್ ಗಂಧದೆಣ್ಣೆಯನ್ನು ಇಲ್ಲೇ ಭಟ್ಟಿ ಇಳಿಸುವ ವಿಧಾನವನ್ನು ಸಿದ್ಧಪಡಿಸಿದರು. 1916ರಲ್ಲಿ ಬೆಂಗಳೂರಿನಲ್ಲಿ, ಮರುವರ್ಷ ಮೈಸೂರಿನಲ್ಲಿ ಸರ್ಕಾರಿ ಗಂಧದೆಣ್ಣೆ ಕಾರ್ಖಾನೆಗಳು ಎದ್ದವು. ಹಿಂದೆಯೇ ಬಂದದ್ದು ಮೈಸೂರ್ ಸ್ಯಾಂಡಲ್ ಸೋಪು. ಸೋಪಿನ ತಯಾರಿಕೆಯನ್ನು ರೂಪಿಸಿದ ಎಸ್. ಜಿ. ಶಾಸ್ತ್ರಿಗಳಿಗೆ ಸೋಪ್ ಶಾಸ್ತ್ರಿ ಎಂಬ ಹೆಸರೇ ನಿಂತಿತು. ಕಚ್ಚಾ ಮಾಲನ್ನು ಮಾರಿ ಸಿದ್ಧ ಮಾಲನ್ನು ಕೊಳ್ಳುತ್ತಿದ್ದ ಸಂಸ್ಥಾನವೊಂದು ಒಂದು ಪ್ರಯೋಗಶಾಲೆಯ ಬಲದಿಂದ ಆ ಸ್ಥಿತಿಯಿಂದ ಹೊರಬಂದ ಉದಾಹರಣೆ ಇದು. ವಿಶ್ವವಿದ್ಯಾಲಯ ಮತ್ತು ಆರ್ಥಿಕತೆಯ ನಂಟನ್ನು ವಿವರಿಸಲು ಭಾರತದಲ್ಲಿ ಇದಕ್ಕಿಂತ ಅಚ್ಚುಕಟ್ಟಾದ ನಿದರ್ಶನ ಸಿಗುವುದು ಕಷ್ಟ.

ದಿವಾನ ಎಂ. ವಿಶ್ವೇಶ್ವರಯ್ಯನವರ ಕಾಲದಲ್ಲಿ, 1916ರ ಜುಲೈ 27ರಂದು, ಮೈಸೂರು ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಎಚ್. ವಿ. ನಂಜುಂಡಯ್ಯನವರು ಅದರ ಮೊದಲ ಕುಲಪತಿ. ಬ್ರಿಟಿಷ್ ಆಡಳಿತದ ಹೊರಗೆ, ದೇಶೀ ಸಂಸ್ಥಾನವೊಂದು ತೆರೆದ ಮೊದಲ ವಿಶ್ವವಿದ್ಯಾಲಯ ಅದು. 1917ರಲ್ಲಿ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು ಬಂತು. ಆದರೆ ಮೈಸೂರು ವಿಶ್ವವಿದ್ಯಾಲಯದ ಹೆಚ್ಚಿನ ಶಕ್ತಿ ಬಹುಕಾಲ ಬೋಧನೆಗೆ ಹೋಯಿತು. ಸಂಸ್ಥಾನದ ರೈತರಿಗೆ ಬೇಕಾಗಿದ್ದ ಸಂಶೋಧನೆ ನಡೆದದ್ದು ಹೆಬ್ಬಾಳದ ಫಾರ್ಮಿನಲ್ಲಿ.

ಕೊಳೆರೋಗದ ಔಷಧ

ಅಡಿಕೆ ತೋಟದವರಿಗೆ ಮೈಲುತುತ್ತ ಮತ್ತು ಸುಣ್ಣದ ದ್ರಾವಣ ಗೊತ್ತಿಲ್ಲದೆ ಇರುವುದಿಲ್ಲ. ನೂರು ಲೀಟರ್ ನೀರಿಗೆ ಒಂದು ಕಿಲೊ ಮೈಲುತುತ್ತ, ಒಂದು ಕಿಲೊ ಸುಣ್ಣ ಸೇರಿಸಿ ಶೇ 1ರ ಬೋರ್ಡೋ ದ್ರಾವಣ ಮಾಡಿ, ಕಾಯಿ ಕೊಳೆಯಿಸುವ ಕೊಳೆರೋಗ ತಡೆಯಲು ಮಳೆ ಹಿಡಿಯುವ ಮುಂಚೆ ಗೊನೆಗೆ ಹೊಡೆಯುತ್ತಾರೆ. ಈ ದ್ರಾವಣದ ಗುಣವನ್ನು 1885ರಲ್ಲಿ ಲೋಕಕ್ಕೆ ತಿಳಿಸಿದವನು ಫ್ರಾನ್ಸಿನ ಬೋರ್ಡೋ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ಪ್ರಾಧ್ಯಾಪಕ ಪಿಯೆರ್ ಮಿಲಾರ್ಡೆ. ಅವನ ಚಿಂತೆ ದ್ರಾಕ್ಷಿ ಬಳ್ಳಿಯ ಬೂಜುರೋಗದ್ದಾಗಿತ್ತು. ಅಡಿಕೆಯನ್ನು ಅವನು ಕಂಡಿದ್ದನೆಂದು ತೋರುವುದಿಲ್ಲ.

ದ್ರಾಕ್ಷಿಯಿಂದ ಅಡಿಕೆಗೆ ಅದನ್ನು ದಾಟಿಸಿದವರು ಲೆಸ್ಲಿ ಕೋಲ್ಮನ್. ಕೆನಡಾದ ಈ ವಿಜ್ಞಾನಿ 1908ರಲ್ಲಿ ಮೈಸೂರು ಸರ್ಕಾರದ ಶಿಲೀಂಧ್ರ ಮತ್ತು ಕೀಟ ತಜ್ಞರಾಗಿ ಬಂದರು. ಮಲೆನಾಡಿನಲ್ಲಿ ಆಗ ಕೊಳೆರೋಗಕ್ಕೆ ಇದ್ದ ಮದ್ದು ಕೊಟ್ಟೆ ಕಟ್ಟುವುದೊಂದೇ. ಕೊನೆಗಾರ ಮರ ಹತ್ತಿ ಪ್ರತಿ ಗೊನೆಗೂ ಮಳೆ ತಾಗದಂತೆ ಹೊದಿಕೆ ಕಟ್ಟಬೇಕಾಗಿತ್ತು. ಖರ್ಚು ಬಹಳ, ಆಳು ಸಿಗುವುದು ಕಷ್ಟ, ಗಾಳಿಮಳೆ ಹೆಚ್ಚಾದರೆ ಕಟ್ಟಿದ್ದೂ ವ್ಯರ್ಥ. ಕೋಲ್ಮನ್ ತೋಟಗಳಲ್ಲೇ ಕೆಲಸ ಮಾಡಿ, ರೋಗಕ್ಕೆ ಫೈಟಾಫ್ತೊರ ಜಾತಿಯ ಶಿಲೀಂಧ್ರ ಕಾರಣವೆಂದು ಗುರುತಿಸಿದರು. 1910ರಲ್ಲಿ ಅದರ ವಿವರವಾದ ಅಧ್ಯಯನವನ್ನು ಪ್ರಕಟಿಸಿದರು. ಬೋರ್ಡೋ ದ್ರಾವಣ ರೋಗವನ್ನು ತಡೆಯುತ್ತದೆ, ಆದರೆ ಮಲೆನಾಡಿನ ಮಳೆಗೆ ತೊಳೆದುಹೋಗುತ್ತದೆ ಎಂಬುದು ಎದುರಾದ ತೊಡಕು. ರಾಳ ಮತ್ತು ಸೋಡಾ ಸೇರಿಸಿ ಅದು ಕಾಯಿಗೆ ಅಂಟಿ ನಿಲ್ಲುವಂತೆ ಮಾಡಿದ್ದು ಈ ಕೆಲಸದ ತಿರುಳು. ವಿದೇಶದ ವಿದ್ಯೆ ನಮ್ಮ ನೆಲದಲ್ಲಿ ಫಲ ಕೊಡಬೇಕಾದರೆ ನಮ್ಮ ಮಳೆಯಲ್ಲಿ ಅದನ್ನು ಪರೀಕ್ಷಿಸುವವರು ಬೇಕು. ಬಹುತೇಕ ಯೋಜನೆಗಳಲ್ಲಿ ಈ ಮೆಟ್ಟಿಲೇ ತಪ್ಪಿಹೋಗುತ್ತದೆ.

ಕೋಲ್ಮನ್ ಮುಂದೆ ಕೃಷಿ ಇಲಾಖೆಯ ನಿರ್ದೇಶಕರಾಗಿ 1934ರವರೆಗೆ ದುಡಿದರು. ಹೆಬ್ಬಾಳದ ಕೃಷಿ ಶಾಲೆ, ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ, ಮಂಡ್ಯದ ವಿ. ಸಿ. ಫಾರ್ಮ್ ಎಲ್ಲವೂ ಅವರ ಅವಧಿಯಲ್ಲಿ ಬೇರೂರಿದವು. ಹೆಬ್ಬಾಳದಲ್ಲಿ 1946ರಲ್ಲಿ ಕೃಷಿ ಕಾಲೇಜು ಶುರುವಾಯಿತು. 1948–49ರ ರಾಧಾಕೃಷ್ಣನ್ ಆಯೋಗ ಗ್ರಾಮೀಣ ವಿಶ್ವವಿದ್ಯಾಲಯಗಳು ಬೇಕೆಂದು ಹೇಳಿತು. 1960ರಲ್ಲಿ ಪಂತನಗರದಲ್ಲಿ ದೇಶದ ಮೊದಲ ಕೃಷಿ ವಿಶ್ವವಿದ್ಯಾಲಯ ಬಂತು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯವನ್ನು 1964ರ ಆಗಸ್ಟ್ 21ರಂದು ಆಗಿನ ಉಪರಾಷ್ಟ್ರಪತಿ ಜಾಕಿರ್ ಹುಸೇನ್ ಉದ್ಘಾಟಿಸಿದರು. ಕೆ. ಸಿ. ನಾಯಕ್ ಮೊದಲ ಕುಲಪತಿ. ಟೆನೆಸಿ ವಿಶ್ವವಿದ್ಯಾಲಯದ ಸಹಕಾರದಲ್ಲಿ ಬೋಧನೆ, ಸಂಶೋಧನೆ, ವಿಸ್ತರಣೆ ಮೂರನ್ನೂ ಒಂದೇ ಆಡಳಿತದಡಿ ತಂದ ಅಮೆರಿಕದ ಮಾದರಿಯನ್ನು ಅದು ಅನುಸರಿಸಿತು. ಧಾರವಾಡದ್ದು 1986ರಲ್ಲಿ ಬೇರೆಯಾಯಿತು. 2008ರಲ್ಲಿ ರಾಯಚೂರು ಕೃಷಿ ವಿಶ್ವವಿದ್ಯಾಲಯ ಮತ್ತು ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯ, 2012ರಲ್ಲಿ ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ ಸೇರಿಕೊಂಡವು. ಶಿವಮೊಗ್ಗದ್ದಕ್ಕೆ ಈಗ ಕೆಳದಿ ಶಿವಪ್ಪ ನಾಯಕರ ಹೆಸರಿದೆ. ಚನ್ನಗಿರಿ ತಾಲ್ಲೂಕಿನ ಕತ್ತಲಗೆರೆ, ಹಿರಿಯೂರಿನ ಬಬ್ಬೂರು ಫಾರ್ಮ್, ತರೀಕೆರೆ ಕಡೆಯ ಬಾವಿಕೆರೆ ಕೇಂದ್ರಗಳು ಅದರ ಆಡಳಿತದಲ್ಲಿವೆ. ನಲ್ಲೂರಿನ ರೈತರಿಗೆ ವಿಶ್ವವಿದ್ಯಾಲಯ ಎಂದರೆ ಹತ್ತಿರದಲ್ಲಿ ಸಿಗುವುದು ಕತ್ತಲಗೆರೆಯ ಫಾರ್ಮೇ.

ರಾಗಿ, ಹತ್ತಿ, ಮೆಕ್ಕೆಜೋಳ

ಹಸಿರು ಕ್ರಾಂತಿಯ ಚರಿತ್ರೆಯಲ್ಲಿ ಗೋಧಿ ಮತ್ತು ಭತ್ತಕ್ಕೆ ಸಿಕ್ಕ ಜಾಗ ರಾಗಿಗೆ ಸಿಗಲಿಲ್ಲ. ಅದು ಬಡವರ ಬೆಳೆ, ಮಳೆಯಾಶ್ರಿತ ಬೆಳೆ, ರಫ್ತಾಗದ ಬೆಳೆ. ಮಂಡ್ಯದ ವಿ. ಸಿ. ಫಾರ್ಮಿನಲ್ಲಿ ಸಿ. ಎಚ್. ಲಕ್ಷ್ಮಣಯ್ಯನವರು ತಮ್ಮ ವೃತ್ತಿಜೀವನವನ್ನೇ ಇದಕ್ಕೆ ಕೊಟ್ಟರು. ರಾಗಿಯ ಹೂ ಅತಿ ಸಣ್ಣದು, ತನ್ನಷ್ಟಕ್ಕೆ ತಾನೇ ಪರಾಗಸ್ಪರ್ಶ ಮಾಡಿಕೊಳ್ಳುವಂಥದು. ಎರಡು ತಳಿಗಳನ್ನು ಕೂಡಿಸುವುದು ತಾಳ್ಮೆ ಪರೀಕ್ಷಿಸುವ ಕೆಲಸ. ಲಕ್ಷ್ಮಣಯ್ಯನವರು ಭಾರತದ ರಾಗಿಯೊಡನೆ ಆಫ್ರಿಕಾದ ರಾಗಿಯನ್ನು ಕೂಡಿಸಿ ಇಂಡಾಫ್ ಸಾಲಿನ ತಳಿಗಳನ್ನು ಕೊಟ್ಟರು. ದಪ್ಪ ತೆನೆ, ಗಟ್ಟಿ ಕಾಂಡ, ಹೆಚ್ಚು ಕಾಳು. ದಕ್ಷಿಣ ಕರ್ನಾಟಕದ ಹೊಲಗಳಲ್ಲಿ ಇಳುವರಿ ಕಣ್ಣಿಗೆ ಕಾಣುವಂತೆ ಏರಿತು. ಜನ ಅವರನ್ನು ರಾಗಿ ಲಕ್ಷ್ಮಣಯ್ಯ ಎಂದೇ ಕರೆದರು. 1990ರ ದಶಕದಲ್ಲಿ ಬಂದ ಜಿಪಿಯು-28 ಬೆಂಕಿರೋಗವನ್ನು ತಡೆದುಕೊಂಡು ಆ ಕೆಲಸವನ್ನು ಮುಂದುವರಿಸಿತು. ರೈತನೇ ಬಿತ್ತನೆಗೆ ಎತ್ತಿಟ್ಟುಕೊಳ್ಳಬಹುದಾದ ಬೀಜ ಇದು, ಕಂಪನಿಗೆ ಇದರಿಂದ ಪ್ರತಿವರ್ಷ ವ್ಯಾಪಾರವಿಲ್ಲ. ಹಾಗಾಗಿ ವಿಶ್ವವಿದ್ಯಾಲಯ ಕೈಬಿಟ್ಟರೆ ಇಂಥ ಬೆಳೆಯನ್ನು ಹಿಡಿಯುವವರಿಲ್ಲ.

ಹತ್ತಿಯ ಕಥೆಯಲ್ಲಿ ಲಾಭವೂ ಇದೆ, ನೋವೂ ಇದೆ. ಬಿ. ಎಚ್. ಕಟರಕಿ ಅವರು ಧಾರವಾಡದಲ್ಲಿ ರೂಪಿಸಿದ ವರಲಕ್ಷ್ಮಿ 1972ರಲ್ಲಿ ಬಿಡುಗಡೆಯಾಯಿತು. ಎರಡು ಬೇರೆ ಜಾತಿಯ ಹತ್ತಿಗಳನ್ನು ಕೂಡಿಸಿ ವ್ಯಾಪಾರಕ್ಕೆ ತಂದ ಮೊದಲ ಮಿಶ್ರತಳಿ ಅದು. ಉದ್ದ ಎಳೆಗಾಗಿ ಈಜಿಪ್ಟ್, ಸುಡಾನಿನ ಹತ್ತಿಯನ್ನು ಕಾಯುತ್ತಿದ್ದ ದೇಶಕ್ಕೆ ಇದು ದೊಡ್ಡ ಆಸರೆ. 1981ರಲ್ಲಿ ಜಯಲಕ್ಷ್ಮಿ ಎಂಬ ಡಿಸಿಎಚ್-32 ಬಂತು. ಮಿಶ್ರತಳಿ ಬೀಜಕ್ಕೆ ಒಂದೊಂದು ಹೂವನ್ನೂ ಕೈಯಿಂದ ಬಿಡಿಸಿ, ಇನ್ನೊಂದರ ಪರಾಗ ಸವರಬೇಕು. ಈ ಕ್ರಾಸಿಂಗ್ ಕೆಲಸದಿಂದ ರಾಣೆಬೆನ್ನೂರು, ಹಾವೇರಿ ಸುತ್ತ ಬೀಜೋತ್ಪಾದನೆಯ ದೊಡ್ಡ ಉದ್ಯಮವೇ ಬೆಳೆಯಿತು. ಆ ಕೆಲಸ ಬಹುಪಾಲು ಹೆಣ್ಣುಮಕ್ಕಳ ಬೆರಳಿನ ಮೇಲೆ ನಿಂತಿದೆ. ದೇಶದ ಹತ್ತಿ ಬೀಜದ ಹೊಲಗಳಲ್ಲಿ ಶಾಲೆಗೆ ಹೋಗಬೇಕಾದ ಹುಡುಗಿಯರು ದುಡಿದದ್ದೂ ದಾಖಲಾದ ಸತ್ಯ. ತಂತ್ರಜ್ಞಾನದ ಲೆಕ್ಕ ಹಾಕುವಾಗ ಈ ಕೂಲಿಯ ಲೆಕ್ಕವನ್ನೂ ಬರೆಯಬೇಕು. ಇತ್ತ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ದಾವಣಗೆರೆಯ ಹತ್ತಿ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ತಳಿ ಸುಧಾರಿಸಿದ್ದರಿಂದ ಗಿರಣಿಯ ಹಳೆಯ ಯಂತ್ರ, ಬಂಡವಾಳ, ಮಾರುಕಟ್ಟೆಯ ಸಮಸ್ಯೆಗಳು ತೀರಲಿಲ್ಲ. ಹೊಲ ಗೆದ್ದು ಕಾರ್ಖಾನೆ ಸೋತ ಜಿಲ್ಲೆ ಇದು.

ಹತ್ತಿ ಹಿಂದೆ ಸರಿದ ಹೊಲಗಳಿಗೆ ಮೆಕ್ಕೆಜೋಳ ಬಂತು. ದಾವಣಗೆರೆ ಈಗ ರಾಜ್ಯದ ಮುಖ್ಯ ಮೆಕ್ಕೆಜೋಳದ ಜಿಲ್ಲೆಗಳಲ್ಲೊಂದು. ಕಾಳು ಕೋಳಿ ಆಹಾರಕ್ಕೆ, ಪಿಷ್ಟದ ಕಾರ್ಖಾನೆಗೆ ಹೋಗುತ್ತದೆ. ಸಂಶೋಧನೆಯ ಲಾಭವನ್ನು ಹಣದಲ್ಲಿ ಅಳೆದ ಮೊದಲ ಹೆಸರಾಂತ ಅಧ್ಯಯನವೂ ಇದೇ ಬೆಳೆಯ ಮೇಲಿನದು. ಅರ್ಥಶಾಸ್ತ್ರಜ್ಞ ಜ್ವಿ ಗ್ರಿಲಿಕಸ್ 1958ರಲ್ಲಿ ಅಮೆರಿಕದ ಮಿಶ್ರತಳಿ ಮೆಕ್ಕೆಜೋಳದ ಸಂಶೋಧನೆಗೆ ಹೂಡಿದ ಹಣದಿಂದ ಸಮಾಜಕ್ಕೆ ವರ್ಷಕ್ಕೆ ಕನಿಷ್ಠ ಶೇ 700ರಷ್ಟು ಪ್ರತಿಫಲ ಬಂದಿದೆ ಎಂದು ಲೆಕ್ಕ ಹಾಕಿದರು. ಆ ಸಂಶೋಧನೆಯ ಅಡಿಪಾಯ ಹಾಕಿದ್ದರಲ್ಲಿ ಸರ್ಕಾರಿ ಪ್ರಯೋಗ ಕೇಂದ್ರಗಳ ಪಾಲು ದೊಡ್ಡದು. ಬೀಜ ಕಂಪನಿಗಳು ದುಡ್ಡು ಮಾಡಿದ್ದು ಅದರ ಮೇಲೆ.

ಬೆಳೆ ಬಂದ ಹಾಗೆಯೇ ಪಿಡುಗೂ ಬರುತ್ತದೆ. ಅಮೆರಿಕ ಖಂಡದ ಫಾಲ್ ಸೈನಿಕ ಹುಳು 2016ರಲ್ಲಿ ಆಫ್ರಿಕಾದಲ್ಲಿ ಕಾಣಿಸಿಕೊಂಡಿತು. ಎರಡು ವರ್ಷದ ಬಳಿಕ, 2018ರ ಮೇ ತಿಂಗಳಲ್ಲಿ, ಶಿವಮೊಗ್ಗದ ಮೆಕ್ಕೆಜೋಳದ ತಾಕುಗಳಲ್ಲಿ ಅದು ಭಾರತಕ್ಕೆ ಕಾಲಿಟ್ಟದ್ದು ಗೊತ್ತಾಯಿತು. ಗುರುತಿಸಿದವರು ಅಲ್ಲಿನ ಕೃಷಿ ವಿಶ್ವವಿದ್ಯಾಲಯದ ಕೀಟಶಾಸ್ತ್ರಜ್ಞರಾದ ಶರಣಬಸಪ್ಪ, ಕಲ್ಲೇಶ್ವರಸ್ವಾಮಿ ಮತ್ತು ಸಂಗಡಿಗರು. ನೋಡಲು ನಮ್ಮ ಸಾಮಾನ್ಯ ಲದ್ದಿ ಹುಳುವಿನಂತೆಯೇ ಇರುವ ಮರಿಹುಳು. ತಲೆಯ ಮೇಲಿನ ತಿರುವುಮುರುವಾದ ವೈ ಆಕಾರದ ಗೆರೆ, ಬಾಲದ ಹತ್ತಿರ ಚೌಕಾಕಾರದಲ್ಲಿ ನಿಂತ ನಾಲ್ಕು ಚುಕ್ಕೆ ನೋಡಿ ಬೇರೆ ಎಂದು ಹೇಳಬಲ್ಲ ಕಣ್ಣು ಬೇಕು. ಆ ಕಣ್ಣು ಅಲ್ಲಿತ್ತು. ಕೆಲವೇ ತಿಂಗಳಲ್ಲಿ ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಸಂಸ್ಥೆ ದೇಶಕ್ಕೆಲ್ಲ ಎಚ್ಚರಿಕೆ ಕೊಟ್ಟಿತು. ತೌಡು, ಬೆಲ್ಲ ಬೆರೆಸಿದ ವಿಷಪಾಷಾಣವನ್ನು ಸುಳಿಯಲ್ಲಿ ಹಾಕುವ ಕ್ರಮ, ಹುಳುವನ್ನು ಕೊಲ್ಲುವ ನೊಮುರಿಯಾ ಶಿಲೀಂಧ್ರದ ಬಳಕೆ ಹಳ್ಳಿಗಳನ್ನು ಮುಟ್ಟಿದವು. ಹೊನ್ನಾಳಿ, ನ್ಯಾಮತಿ, ಜಗಳೂರಿನ ಹೊಲಗಳಿಗೆ ಹುಳು ನಷ್ಟ ಮಾಡಿತು, ನಿಜ. ಆದರೆ ಹೆಸರು ತಿಳಿಯದ ಶತ್ರುವಿಗೆ ಕಂಡ ಕಂಡ ಔಷಧ ಹೊಡೆದು ಸಾಲ ಮಾಡಿಕೊಳ್ಳುವ ಗತಿ ತಪ್ಪಿತು. ಹೀಗೆ ತಪ್ಪಿದ ನಷ್ಟ ಯಾವ ಜಿಡಿಪಿ ಪಟ್ಟಿಯಲ್ಲೂ ಕಾಣುವುದಿಲ್ಲ. ವಿಶ್ವವಿದ್ಯಾಲಯದ ಕೊಡುಗೆಯಲ್ಲಿ ಅತಿ ಕಡಿಮೆ ಲೆಕ್ಕಕ್ಕೆ ಸಿಗುವುದು ಇದೇ.

ಬೆಂಗಳೂರು ಮತ್ತು ಉಂಗ್ರ

ವಿಜ್ಞಾನ ಸಂಸ್ಥೆಯ ಸುತ್ತ ಬೆಂಗಳೂರಿನಲ್ಲಿ ಬೆಳೆದ ವಿಮಾನ, ಬಾಹ್ಯಾಕಾಶ, ಸಾಫ್ಟ್‌ವೇರ್ ಕ್ಷೇತ್ರಗಳ ವಿಷಯ ಚಿರಪರಿಚಿತ. 1940ರಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಬೆಂಗಳೂರಿಗೆ ಬಂತು, 1942ರಲ್ಲಿ ವಿಜ್ಞಾನ ಸಂಸ್ಥೆಯಲ್ಲಿ ವೈಮಾನಿಕ ವಿಭಾಗ ತೆರೆಯಿತು. ಅಲ್ಲಿ ಪಾಠ ಹೇಳಿದ ವಿ. ಎಂ. ಘಾಟಗೆ ಮುಂದೆ ಎಚ್‌ಟಿ-2 ತರಬೇತಿ ವಿಮಾನದ ವಿನ್ಯಾಸದ ಮುಂದಾಳಾದರು. ಸಂಸ್ಥೆಯ ನಿರ್ದೇಶಕ ಸತೀಶ್ ಧವನ್ 1972ರಿಂದ ಇಸ್ರೊದ ಹೊಣೆಯನ್ನೂ ಹೊತ್ತರು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರನ್ನು ಆರಿಸಿಕೊಂಡಾಗ ಇಲ್ಲಿನ ಎಂಜಿನಿಯರುಗಳ ಬಳಗ ಸಿದ್ಧವಾಗಿತ್ತು.

ಇದೇ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿ ಅವರು ಆರಂಭಿಸಿದ ಅಸ್ತ್ರ ಘಟಕಕ್ಕೆ ಇಷ್ಟು ಪ್ರಚಾರ ಸಿಗಲಿಲ್ಲ. ವಿದ್ಯುತ್ ರಸಾಯನದಲ್ಲಿ ಹೆಸರು ಮಾಡಿದ್ದ ಈ ವಿಜ್ಞಾನಿ ತುಮಕೂರು ಜಿಲ್ಲೆಯ ಉಂಗ್ರದಲ್ಲಿ ಕೇಂದ್ರ ತೆರೆದು, ಹಳ್ಳಿಯ ಮನೆಗಳಲ್ಲಿ ಸೌದೆ ಎಷ್ಟು ಉರಿಯುತ್ತದೆ, ನೀರು ತರಲು ಹೆಂಗಸರು ಎಷ್ಟು ನಡೆಯುತ್ತಾರೆ ಎಂದು ಅಳೆಯುವುದರಿಂದ ಕೆಲಸ ಶುರುಮಾಡಿದರು. ಹೊಗೆ ಕಡಿಮೆಯಾಗಿ ಸೌದೆ ಉಳಿಸುವ ಅಸ್ತ್ರ ಒಲೆ, ಮಣ್ಣು ಸಿಮೆಂಟಿನ ಒತ್ತಿಟ್ಟಿಗೆ, ಪುರ ಎಂಬ ಹಳ್ಳಿಯಲ್ಲಿ ಸಗಣಿ ಅನಿಲದಿಂದ ದೀಪ ಮತ್ತು ನೀರು ಕೊಟ್ಟ ಪ್ರಯೋಗ ಅಲ್ಲಿಂದ ಬಂದವು. ಅಡುಗೆಮನೆಯ ಹೊಗೆಯಲ್ಲಿ ಕಣ್ಣು ಕೆಂಪಾಗಿಸಿಕೊಂಡ ತಾಯಂದಿರ ಆಯಸ್ಸು, ಆರೋಗ್ಯವೂ ರಾಷ್ಟ್ರದ ಸಂಪತ್ತೇ ಎಂದು ಒಪ್ಪುವುದಾದರೆ ಉಪಗ್ರಹದ ಪಕ್ಕದಲ್ಲಿ ಈ ಒಲೆಗೂ ಸ್ಥಾನವಿರಬೇಕು.

ಕೊರತೆಗಳು

ಸ್ವಾತಂತ್ರ್ಯಾನಂತರ ಭಾರತ ಸಂಶೋಧನೆಗೆ ಪ್ರತ್ಯೇಕ ರಾಷ್ಟ್ರೀಯ ಪ್ರಯೋಗಾಲಯಗಳನ್ನು ಕಟ್ಟಿತು. ಇದರಿಂದ ವಿಶ್ವವಿದ್ಯಾಲಯಗಳು ಸೊರಗುತ್ತವೆಂದು ಭೌತವಿಜ್ಞಾನಿ ಮೇಘನಾದ ಸಹಾ ಆಗಲೇ ಎಚ್ಚರಿಸಿದ್ದರು. ಆದದ್ದೂ ಹಾಗೆಯೇ. ಸರ್ಕಾರದ ಅಂಕಿಅಂಶಗಳ ಪ್ರಕಾರ 2020–21ರಲ್ಲಿ ದೇಶ ಸಂಶೋಧನೆಗೆ ವೆಚ್ಚ ಮಾಡಿದ್ದು ಜಿಡಿಪಿಯ ಶೇ 0.64. ಅದರಲ್ಲಿ ಉನ್ನತ ಶಿಕ್ಷಣ ಸಂಸ್ಥೆಗಳ ಪಾಲು ಶೇ 9ರಷ್ಟು. ಕೊರಿಯಾದ ವೆಚ್ಚ ಜಿಡಿಪಿಯ ಶೇ 5ರ ಆಸುಪಾಸಿನಲ್ಲಿದೆ. 2023ರ ಕಾಯಿದೆಯಿಂದ ಬಂದ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ ರಾಜ್ಯ ವಿಶ್ವವಿದ್ಯಾಲಯಗಳಿಗೂ ಹಣ ತಲುಪಿಸುವ ಉದ್ದೇಶ ಹೊಂದಿದೆ. ಆ ಹಣ ಜಿಲ್ಲೆಗಳಿಗೆ ಬರುವುದು ಮುಖ್ಯ. ದಾವಣಗೆರೆಯಲ್ಲಿ 1951ರಿಂದ ಬಿ.ಡಿ.ಟಿ. ಎಂಜಿನಿಯರಿಂಗ್ ಕಾಲೇಜಿದೆ, ಶಂಕರಘಟ್ಟದಲ್ಲಿ 1987ರಿಂದ ಕುವೆಂಪು ವಿಶ್ವವಿದ್ಯಾಲಯವಿದೆ, ತೋಳಹುಣಸೆಯಲ್ಲಿ 2009ರಿಂದ ದಾವಣಗೆರೆ ವಿಶ್ವವಿದ್ಯಾಲಯವಿದೆ. ಅಡಿಕೆ ಸುಲಿಯುವ ಯಂತ್ರ, ಒಣಗಿಸುವ ವಿಧಾನ, ನಾಲೆಯ ಕೊನೆಗೆ ನೀರು ಮುಟ್ಟದ ಸಮಸ್ಯೆ, ಜಗಳೂರಿನ ಅಂತರ್ಜಲ ಎಲ್ಲವೂ ಇವುಗಳ ಅಂಗಳದಲ್ಲೇ ಬಿದ್ದಿರುವ ಪ್ರಶ್ನೆಗಳು.

ವಿಶ್ವವಿದ್ಯಾಲಯದಿಂದ ಆದಾಯ ಹೆಚ್ಚಿಸುವ ಮಾತನ್ನಷ್ಟೇ ನಿರೀಕ್ಷಿಸುವುದೂ ತಪ್ಪು. ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನು ಮನುಷ್ಯರಿಗೆ ಕ್ಯಾನ್ಸರ್‌ಕಾರಕ ಎಂದು ವರ್ಗೀಕರಿಸಿತು. ಚನ್ನಗಿರಿ ಸೀಮೆಯಲ್ಲಿ ತೋಟದ ಯಜಮಾನ, ಖೇಣಿದಾರ, ಸುಲಿಯುವ ಹೆಂಗಸರು, ಬೇಯಿಸುವವರು, ತುಮ್ಕೋಸ್‌ನಂಥ ಸಹಕಾರ ಸಂಘ ಎಲ್ಲರ ಅನ್ನವೂ ಒಂದೇ ಬೆಳೆಗೆ ಅಂಟಿಕೊಂಡಿದೆ. ಇಂಥಲ್ಲಿ ಬೆಳೆಗಾರರಿಗೆ ಹಿತವಾಗುವ ಉತ್ತರವನ್ನು ಮೊದಲೇ ಗೊತ್ತುಮಾಡಿಕೊಂಡು ಸಂಶೋಧನೆ ನಡೆಸಿದರೆ ಅದರಿಂದ ಬೆಳೆಗಾರರಿಗೇ ಕೇಡು. ಕಂಡದ್ದನ್ನು ಕಂಡಂತೆ ಹೇಳುವ, ಜೊತೆಗೆ ಮಿಶ್ರ ಬೆಳೆ, ಹಾಳೆಯ ತಟ್ಟೆ, ಬೇರೆ ಬಳಕೆಗಳ ದಾರಿಯನ್ನೂ ತೋರಿಸುವ ಸ್ವತಂತ್ರ ಸಂಸ್ಥೆ ಆ ಸೀಮೆಗೆ ಬೇಕು.

ಕೊನೆಯದಾಗಿ ಕಾಲದ ಪ್ರಶ್ನೆ. ಅಡಿಕೆ ಸಸಿ ಫಲಕ್ಕೆ ಬರಲು ಐದಾರು ವರ್ಷ ಬೇಕು. ಹಿರೇಹಳ್ಳಿಯಲ್ಲಿ ಸಿಕ್ಕ ಗಿಡ್ಡ ಅಡಿಕೆಯನ್ನು ಸುಮಂಗಳ ತಳಿಯೊಡನೆ ಕೂಡಿಸಿ, ಮರ ಹತ್ತುವ ಕಷ್ಟ ಕಡಿಮೆ ಮಾಡುವ ಮಿಶ್ರತಳಿಯನ್ನು ತರಲು ವಿಟ್ಲದ ಅಡಿಕೆ ಸಂಶೋಧನಾ ಕೇಂದ್ರಕ್ಕೆ ದೀರ್ಘಕಾಲ ಹಿಡಿಯಿತು. ಈಚಿನ ವರ್ಷಗಳಲ್ಲಿ ಹಬ್ಬಿದ ಎಲೆಚುಕ್ಕಿ ರೋಗವನ್ನು ತಾಳಿಕೊಳ್ಳುವ ತಳಿ ಬೇಕೆಂದರೆ ಈಗ ನೆಟ್ಟ ಸಸಿಗಳನ್ನು ಹತ್ತಾರು ಮಳೆಗಾಲ ಗಮನಿಸುವ ವಿಜ್ಞಾನಿ, ಅವರು ನಿವೃತ್ತರಾದಾಗ ಅದೇ ದಾಖಲೆಪುಸ್ತಕವನ್ನು ಕೈಗೆತ್ತಿಕೊಳ್ಳುವ ಕಿರಿಯರು, ಅಷ್ಟು ಕಾಲವೂ ತಾಕಿಗೆ ನೀರು ಬಿಡುವ ಕೆಲಸಗಾರರು ಇರಬೇಕು. ಈಗ ನಮ್ಮಲ್ಲಿ ಸಂಶೋಧನೆಗೆ ಸಾಮಾನ್ಯವಾಗಿ ಹಣ ಮಂಜೂರಾಗುವುದು ಮೂರು ವರ್ಷದ ಯೋಜನೆಗಳಿಗೆ.